ಹೊಸ ಜಾಯಿಂಟರ್ ಹಲಗೆಯ ತುದಿಯನ್ನೇ ತಿನ್ನುತ್ತಿದೆ, ಏನು ಮಾಡಲಿ?

ಪ್ರಶ್ನೆ: ಬಾಗಿಲು, ಚೌಕಟ್ಟಿನ ಕೆಲಸಕ್ಕೆ ಜಾಯಿಂಟರ್ (ಹಲಗೆಯ ಮುಖ, ಅಂಚನ್ನು ಹೆರೆದು ನೇರ ಮಾಡುವ ಮಷಿನ್) ತಂದು ನಾವೇ ಜೋಡಿಸಿದ್ದೇವೆ. ಹಲಗೆ ಉದ್ದಕ್ಕೂ ಚೆನ್ನಾಗಿ ಬರುತ್ತದೆ, ಕೊನೆಯ ಎರಡು ಇಂಚಿನಲ್ಲಿ ಮಾತ್ರ ಗುಳಿ ಬೀಳುತ್ತದೆ. ಬ್ಲೇಡ್ ಬದಲಿಸಿದರೂ ಅಷ್ಟೇ. ಮಷಿನ್ನೇ ಸರಿ ಇಲ್ವಾ? (ಓದುಗರು, ಗಂಗಾವತಿ)

ಉತ್ತರ: ಮಷಿನ್ ವಾಪಸ್ ಕಳಿಸುವ ಯೋಚನೆ ಸದ್ಯಕ್ಕೆ ಬಿಡಿ. ತುದಿಯಲ್ಲಿ ಮಾತ್ರ ಗುಳಿ ಬೀಳುತ್ತಿದ್ದರೆ, ಹೆಚ್ಚಾಗಿ ಔಟ್‌ಫೀಡ್ ಟೇಬಲ್, ಅಂದರೆ ಮರ ಹೊರಬರುವ ಕಡೆಯದು, ಬ್ಲೇಡಿಗಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಹಲಗೆಯ ಹಿಂದಿನ ತುದಿ, ಮರ ಒಳಹೋಗುವ ಕಡೆಯ ಇನ್‌ಫೀಡ್ ಟೇಬಲ್ ಮೇಲೆ ಇರುವವರೆಗೂ ಇದು ಗೊತ್ತಾಗುವುದಿಲ್ಲ. ಅದನ್ನು ದಾಟಿದ ತಕ್ಷಣ ಹಲಗೆ ಕೆಳಕ್ಕೆ ಕೂರುತ್ತದೆ, ಉಳಿದ ತುದಿಯನ್ನು ಬ್ಲೇಡ್ ಜಾಸ್ತಿ ತಿನ್ನುತ್ತದೆ. ಟೇಬಲ್ ಮೇಲಿದ್ದರೆ ಉಲ್ಟಾ ತೊಂದರೆ: ಹಲಗೆ ಅದರ ಅಂಚಿಗೆ ತಗುಲಿ ಮುಂದಕ್ಕೇ ಹೋಗುವುದಿಲ್ಲ.

ಆದರೆ ಮೊದಲು ಬ್ಲೇಡ್ ನೋಡಿ, ಆಮೇಲೆ ಟೇಬಲ್. ಬ್ಲೇಡಿಗೆ ತಕ್ಕಂತೆ ಟೇಬಲ್ ಕೂರಿಸುವುದೇ ಹೊರತು ಟೇಬಲ್ಲಿಗೆ ತಕ್ಕಂತೆ ಒಂದೊಂದೇ ಬ್ಲೇಡ್ ಎಳೆದಾಡುವುದಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಒಂದು ನೇರವಾದ ಮರದ ಪಟ್ಟಿಯನ್ನು ಔಟ್‌ಫೀಡ್ ಟೇಬಲ್ ಮೇಲೆ, ಬ್ಲೇಡಿನ ಆಚೆಗೆ ಚಾಚುವ ಹಾಗೆ ಇಡಿ. ಟೇಬಲ್ ಅಂಚಿನ ನೇರಕ್ಕೆ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ ಹಾಕಿ. ಈಗ ಬ್ಲೇಡ್ ತಲೆಯನ್ನು, ಅಂದರೆ ಬ್ಲೇಡ್‌ಗಳನ್ನು ಕೂರಿಸಿರುವ ಉರುಳೆಯನ್ನು, ಕೈಯಿಂದ ನಿಧಾನವಾಗಿ ಉಲ್ಟಾ ತಿರುಗಿಸಿ. ಬ್ಲೇಡ್ ತಗುಲಿ ಪಟ್ಟಿ ಸ್ವಲ್ಪ ಜರುಗುತ್ತದೆ. ಎಷ್ಟು ಜರುಗಿತು ಅಂತ ಮತ್ತೊಂದು ಗೆರೆ ಹಾಕಿ. ಸುಮಾರು 3 ಮಿ.ಮೀ. ಆದರೆ ಚೆನ್ನ. ಅದಕ್ಕಿಂತ ಮುಖ್ಯ, ಪ್ರತಿ ಬ್ಲೇಡಿನ ಎರಡೂ ಕೊನೆಯಲ್ಲಿ ಅದು ಒಂದೇ ಸಮ ಬರಬೇಕು. ಬರದಿದ್ದರೆ ಬ್ಲೇಡಿನ ಬೋಲ್ಟ್ ಸಡಿಲಿಸಿ ಸರಿಪಡಿಸಿ. ಬಿಗಿ ಮಾಡುವಾಗ ಒಂದೇ ಬೋಲ್ಟನ್ನು ಪೂರ್ತಿ ತಿರುಗಿಸಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ.

ಟೇಬಲ್ ಕೂರಿಸಲು ಸುಲಭದ ದಾರಿ ಇದೆ. ಔಟ್‌ಫೀಡ್ ಟೇಬಲನ್ನು ಬೇಕಂತಲೇ ಸ್ವಲ್ಪ ಕೆಳಗಿಳಿಸಿ, ಉದ್ದನೆಯ ಹಲಗೆಯೊಂದನ್ನು ಅರ್ಧ ಅಡಿಯಷ್ಟು ಮಾತ್ರ ಕೊಟ್ಟು ಮಷಿನ್ ನಿಲ್ಲಿಸಿ. ತಲೆ ಪೂರ್ತಿ ನಿಲ್ಲುವವರೆಗೆ ಹಲಗೆಯನ್ನು ಅಲ್ಲಾಡಿಸಬೇಡಿ. ಪ್ಲಗ್ ಕಿತ್ತು, ಹಲಗೆಯ ತಳಕ್ಕೆ ಮುಟ್ಟುವವರೆಗೆ ಟೇಬಲ್ ಏರಿಸಿ. ಮುಟ್ಟಿತು ಅಂದರೆ ಸಾಕು, ಎತ್ತಬಾರದು. ಲಾಕ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಟೇಬಲ್ ಕದಲುವುದುಂಟು.

ಎರಡು ಹಲಗೆಯ ಅಂಚು ಸೇರಿಸಿದಾಗ ನಡುವೆ ಸಂದಿ ಕಾಣುತ್ತಿದ್ದರೆ ಅದು ಬೇರೆ ದೋಷ. ಎರಡು ಟೇಬಲ್ ಒಂದಕ್ಕೊಂದು ಸಮಾನಾಂತರವಾಗಿಲ್ಲ, ಹೊರ ತುದಿಗಳು ಜೋತಿವೆ ಅಂತ ಅರ್ಥ. ಗಾರೆ ಕೆಲಸದವರ ಅಲ್ಯೂಮಿನಿಯಂ ಪಟ್ಟಿಯಿಂದ ಇದನ್ನು ನೋಡಬೇಡಿ, ಅದೇ ಸೊಟ್ಟಗಿರುತ್ತದೆ. ಒಳ್ಳೆಯ ಸ್ಟೀಲ್ ಪಟ್ಟಿ ಬೇಕು. ಸಂದಿ ಅಳೆಯಲು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಸ್ಟೀಲ್ ಎಲೆಗಳ ಸೆಟ್) ಇಲ್ಲದಿದ್ದರೆ ಪಕ್ಕದ ಬೈಕ್ ಮೆಕ್ಯಾನಿಕ್ ಹತ್ತಿರ ಕೇಳಿ, ಟ್ಯಾಪೆಟ್ ಸೆಟ್ ಮಾಡಲು ಇಟ್ಟಿರುತ್ತಾರೆ.

ಮೋಟರ್ ತ್ರೀ ಫೇಸ್ ಆಗಿದ್ದರೆ ತಿರುಗುವ ದಿಕ್ಕನ್ನೂ ನೋಡಿಕೊಳ್ಳಿ. ಬ್ಲೇಡಿನ ಮೇಲ್ಭಾಗ ಇನ್‌ಫೀಡ್ ಕಡೆಗೆ, ಅಂದರೆ ಬರುವ ಮರಕ್ಕೆ ಎದುರಾಗಿ ತಿರುಗಬೇಕು. ಉಲ್ಟಾ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಯಾವುದಾದರೂ ಎರಡು ಫೇಸ್ ವೈರ್ ಅದಲುಬದಲು ಮಾಡಿಸಿ. ಜಾಲಿಯಂಥ ಗಟ್ಟಿ ಮರಕ್ಕೆ ಒಂದು ಸಲಕ್ಕೆ ಅರ್ಧ ಮಿ.ಮೀ. ಹೆರೆದರೆ ಸಾಕು. ಕಿನ್ನಾಳದ ಗೊಂಬೆ ಕೆಲಸಕ್ಕೆ ಬೇಕಾಗುವಂಥ ಚಿಕ್ಕ ತುಂಡುಗಳನ್ನು ಯಾರಾದರೂ ತಂದುಕೊಟ್ಟರೆ ಮುಲಾಜಿಲ್ಲದೆ ಬೇಡ ಅನ್ನಿ. ಒಂದಡಿಗಿಂತ ಗಿಡ್ಡ ಮರ ಈ ಮಷಿನ್ನಿಗೆ ಅಲ್ಲ, ಕೈ ಬ್ಲೇಡಿಗೆ ಹತ್ತಿರ ಹೋಗುತ್ತದೆ.

ಇಷ್ಟಾದ ಮೇಲೂ ಗುಳಿ ಬಿದ್ದರೆ ನಿಮ್ಮ ಕೈ ಎಲ್ಲಿ ಒತ್ತುತ್ತಿದೆ ನೋಡಿ. ಹಲಗೆ ಒಂದಡಿ ದಾಟಿದ ಮೇಲೆ ಭಾರವೆಲ್ಲ ಔಟ್‌ಫೀಡ್ ಕಡೆಯ ಕೈಗೆ ಬರಬೇಕು. ಹಿಂದಿನ ಕೈ ಸುಮ್ನೆ ಮುಂದಕ್ಕೆ ನೂಕಬೇಕು, ಅಷ್ಟೇ.