ಮಹಾಪಧಮನಿಯ ಸೀಳು: ಆಪರೇಷನ್ ಗೆದ್ದ ಮೇಲಿನ ವರ್ಷಗಳು

ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ 1760ರ ಅಕ್ಟೋಬರ್ 25ರ ಬೆಳಿಗ್ಗೆ ಹಠಾತ್ತನೆ ತೀರಿಕೊಂಡ. ದೇಹ ಕೊಯ್ದು ನೋಡಿದ ವೈದ್ಯ ಫ್ರಾಂಕ್ ನಿಕೋಲ್ಸ್‌ಗೆ ಹೃದಯದ ಚೀಲದ ತುಂಬ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ಒಳಗಡೆ ಅಡ್ಡಲಾಗಿ ಸೀಳಿತ್ತು. ಈ ಕಾಯಿಲೆಗೆ ಆಮೇಲೂ ಸುಮಾರು 200 ವರ್ಷ ಮದ್ದಿರಲಿಲ್ಲ.

ಮಹಾಪಧಮನಿಯ ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಗೋಡೆಯೊಳಕ್ಕೇ ನುಗ್ಗಿ ಪದರಗಳನ್ನು ಬಿಡಿಸುತ್ತಾ ಹೋಗುತ್ತದೆ. ಅಸಲಿ ದಾರಿಯ ಪಕ್ಕದಲ್ಲೇ ಒಂದು ಸುಳ್ಳು ದಾರಿ ತೆರೆದುಕೊಳ್ಳುತ್ತದೆ. ಸೀಳು ಹೃದಯಕ್ಕೆ ಅಂಟಿದ ಏರುಭಾಗದಲ್ಲಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಕೂಡಲೇ ಆಪರೇಷನ್ ಆಗಬೇಕು.

ಇದನ್ನು ಸರಿಪಡಿಸಬಹುದೆಂದು 1954ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಹ್ಯೂಸ್ಟನ್‌ನ ಸರ್ಜನ್ ಮೈಕೇಲ್ ಡಿಬೇಕಿ ಮತ್ತು ಅವರ ಜೊತೆಗಾರರು. ಕೃತಕ ರಕ್ತನಾಳ ಮಾಡಲು ಡಿಬೇಕಿ ಅಂಗಡಿಗೆ ಹೋದಾಗ ನೈಲಾನ್ ಖಾಲಿಯಾಗಿತ್ತಂತೆ. ಇದ್ದ ಡೇಕ್ರಾನ್ ಬಟ್ಟೆಯನ್ನೇ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದರು. ಸರ್ಜನ್‌ಗಳು ಇವತ್ತಿಗೂ ಕೂರಿಸುವುದು ಅದೇ ಬಗೆಯ ಬಟ್ಟೆಯನ್ನು.

ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಡಿಬೇಕಿ ತಂಡ 1982ರಲ್ಲಿ ಪ್ರಕಟಿಸಿದ ಲೆಕ್ಕ. ಆಪರೇಷನ್ ಮಾಡಿದ 527 ರೋಗಿಗಳನ್ನು ಅವರು 20 ವರ್ಷ ಬೆನ್ನುಹತ್ತಿ ನೋಡಿದ್ದರು. ಬಿಪಿ ಹತೋಟಿಯಲ್ಲಿಲ್ಲದವರಲ್ಲಿ ಶೇ 45ರಷ್ಟು ಜನರಿಗೆ ರಕ್ತನಾಳ ಮತ್ತೆ ಉಬ್ಬಿತ್ತು. ಹತೋಟಿಯಲ್ಲಿದ್ದವರಲ್ಲಿ ಶೇ 17ರಷ್ಟು ಜನರಿಗೆ ಮಾತ್ರ. ಬದುಕಿ ಮನೆಗೆ ಹೋದವರ ಭವಿಷ್ಯ ದಿನಾ ನುಂಗುವ ಮಾತ್ರೆಗೆ ಎಷ್ಟು ಗಟ್ಟಿಯಾಗಿ ಕಟ್ಟಿಕೊಂಡಿದೆ ಎಂಬುದು ಅಲ್ಲಿ ಕಣ್ಣಿಗೆ ಹೊಡೆದು ಕಂಡಿತು.

ಯಾಕೆ ಹೀಗೆ? ತುರ್ತು ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಬದಲಾಗುವುದು ಏರುಭಾಗ, ಕೆಲವೊಮ್ಮೆ ಅದರ ಮುಂದಿನ ಕಮಾನು. ಸೀಳು ಎಷ್ಟೋ ಸಲ ಹೊಟ್ಟೆಯವರೆಗೂ ಇಳಿದಿರುತ್ತದೆ. ಆ ಕೆಳಗಿನ ಸುಳ್ಳು ದಾರಿಯಲ್ಲಿ ರಕ್ತ ಹರಿಯುತ್ತಲೇ ಇದ್ದರೆ, ತೆಳುವಾದ ಹೊರಗೋಡೆ ವರ್ಷವರ್ಷಕ್ಕೂ ಹಿಗ್ಗುತ್ತದೆ. ಪೂರ್ತಿ ಹೆಪ್ಪುಗಟ್ಟಿ ಮುಚ್ಚಿಹೋದರೆ ಒಳ್ಳೆಯದು. ಅರೆಬರೆ ಹೆಪ್ಪುಗಟ್ಟಿದರೆ? ಕೆಳಭಾಗದಲ್ಲಷ್ಟೇ ಸೀಳಿದ್ದವರ ಬಗ್ಗೆ 2007ರಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಸುಳ್ಳು ದಾರಿ ಪೂರ್ತಿ ತೆರೆದಿದ್ದವರಿಗಿಂತ ಇಂಥವರಲ್ಲೇ ಸಾವು ಹೆಚ್ಚಿತ್ತು. ರಕ್ತ ಒಳಬರಲು ದಾರಿಯಿದ್ದು ಹೊರಹೋಗಲು ಇಲ್ಲದಾಗ ಒತ್ತಡ ಏರುತ್ತದೆ ಎಂಬುದು ಸಂಶೋಧಕರ ಊಹೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಹಾನ್ಸ್ ಬೋರ್ಸ್ಟ್ 1983ರಲ್ಲಿ ಪರಿಚಯಿಸಿದ ‘ಆನೆಸೊಂಡಿಲು’ ವಿಧಾನ ಈ ಕೆಳಭಾಗದ ತೊಂದರೆಯನ್ನೇ ಗುರಿಯಾಗಿಟ್ಟುಕೊಂಡದ್ದು: ಕಮಾನಿನಿಂದ ಬಟ್ಟೆಯ ಕೊಳವೆಯ ತುದಿಯನ್ನು ಕೆಳಕ್ಕೆ ಇಳಿಬಿಟ್ಟಿರುತ್ತಾರೆ, ಮುಂದಿನ ಆಪರೇಷನ್ ಸುಲಭವಾಗುತ್ತದೆ. ಈಗ ಆ ತುದಿಗೆ ಸ್ಟೆಂಟ್ (ಲೋಹದ ಬಲೆಯ ಕೊಳವೆ) ಸೇರಿಸಿ ಸುಳ್ಳು ದಾರಿಯನ್ನು ಅದುಮುವುದೂ ಉಂಟು.

ಆಪರೇಷನ್‌ಗೆ ಮೊದಲೇ ಮಿದುಳು, ಮೂತ್ರಪಿಂಡ, ಕರುಳಿಗೆ ರಕ್ತ ನಿಂತುಹೋಗಿದ್ದವರ ಹಾದಿ ಕಷ್ಟದ್ದು. ರಕ್ತನಾಳದ ಗೋಡೆಯನ್ನು ದುರ್ಬಲಗೊಳಿಸುವ ಮಾರ್ಫನ್ ಸಿಂಡ್ರೋಮ್‌ನಂಥ ಆನುವಂಶಿಕ ಕಾಯಿಲೆ ಇದ್ದವರಿಗೆ ಇನ್ನೊಂದು ಆಪರೇಷನ್ ಬೇಕಾಗುವ ಸಂಭವ ಹೆಚ್ಚು. ವಯಸ್ಸಿನ ಪಾತ್ರವೂ ದೊಡ್ಡದೇ, ಆದರೆ ಅದೊಂದೇ ತೀರ್ಪು ಹೇಳುವುದಿಲ್ಲ. ಸ್ವತಃ ಡಿಬೇಕಿಯವರಿಗೆ ಇದೇ ಕಾಯಿಲೆ ಬಂದದ್ದು 97ನೇ ವಯಸ್ಸಿನಲ್ಲಿ. 2006ರ ಫೆಬ್ರುವರಿಯಲ್ಲಿ ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಮತ್ತೆ ಕೆಲಸಕ್ಕೂ ಮರಳಿದರು. ತೀರಿಕೊಂಡದ್ದು 2008ರ ಜುಲೈನಲ್ಲಿ.

ಗುಣವಾಗಿ ಮನೆಗೆ ಹೋದವರ ಸ್ಥಿತಿ ಆಶಾದಾಯಕವಾಗಿಯೇ ಇದೆ. 2006ರ ಒಂದು ಅಂತರರಾಷ್ಟ್ರೀಯ ವರದಿಯ ಪ್ರಕಾರ ಏರುಭಾಗದ ಆಪರೇಷನ್ ಆಗಿ ಡಿಸ್ಚಾರ್ಜ್ ಆದವರಲ್ಲಿ ಶೇ 90ರಷ್ಟು ಜನ ಮೂರು ವರ್ಷದ ನಂತರವೂ ಬದುಕಿದ್ದರು. ಹಾಗೆಂದು ಆರಾಮಾಗಿದ್ದೇನೆ ಎಂದು ಬಿಪಿ ಮಾತ್ರೆ ಬಿಡುವ ನಮ್ಮ ಕಡೆಯ ಅಭ್ಯಾಸ ಈ ಕಾಯಿಲೆಯಲ್ಲಿ ನಡೆಯದು. ಉಬ್ಬುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ತೋರಿಸುವುದು ಸ್ಕ್ಯಾನ್ ಒಂದೇ. ಆದ್ದರಿಂದಲೇ ಮೊದಲ ವರ್ಷ ಕೆಲವು ಸಲ, ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಸಿಟಿ ಅಥವಾ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಬಿಪಿ ಮತ್ತು ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಮುಂದುವರಿಯಬೇಕು, ಬೀಡಿ ಸಿಗರೇಟು ನಿಲ್ಲಬೇಕು, ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಒಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ ಮಹಾಪಧಮನಿಯ ಅಳತೆ ನೋಡಿಸಿಕೊಳ್ಳುವುದು ಒಳ್ಳೆಯದು.