ತೋಟಕ್ಕೆ ವೈರಸ್ ಹೊಡೆದರೆ ಮನೆಯವರಿಗೆ ಅಂಟುತ್ತಾ?

ಪ್ರಶ್ನೆ: ನಿಂಬೆ ಗಿಡದ ಕಜ್ಜಿ ರೋಗಕ್ಕೆ ವೈರಸ್ ಸಿಂಪಡಿಸಬಹುದಂತೆ, ಹೌದಾ? ಆ ವೈರಸ್ ನಮಗೆ, ದನಕರುಗಳಿಗೆ ಬರಲ್ವಾ?

ತೀರ್ಥಹಳ್ಳಿ, ಸಾಗರ, ಹೊಸನಗರ, ಎಲ್ಲಾ ಕಡೆಯಿಂದಲೂ ಇದೇ ಪ್ರಶ್ನೆ. ಎಷ್ಟು ಸಲ ಉತ್ತರಿಸಿದರೂ ಮುಂದಿನ ವಾರ ಮತ್ತೊಬ್ಬರು ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆವರೆಗೂ ಓದಿ.

ಮೊದಲ ಭಾಗಕ್ಕೆ ಉತ್ತರ, ಹೌದು. ನಿಂಬೆಯ ಕಜ್ಜಿ ಬರುವುದು ಬ್ಯಾಕ್ಟೀರಿಯಾದಿಂದ. ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿದು ಕೊಲ್ಲುವ ವೈರಸ್‌ಗಳಿವೆ. ಬ್ಯಾಕ್ಟೀರಿಯೋಫೇಜ್ ಅಂತಾರೆ, ಸುಲಭಕ್ಕೆ ಫೇಜ್ ಅನ್ನೋಣ. ಅಮೆರಿಕದಲ್ಲಿ ಟೊಮೇಟೊ, ಮೆಣಸಿನ ಗಿಡಗಳ ಬ್ಯಾಕ್ಟೀರಿಯಾ ಚುಕ್ಕೆ ರೋಗಕ್ಕೆ 2005ರಲ್ಲೇ ಒಂದು ಫೇಜ್ ಔಷಧಿಗೆ ನೋಂದಣಿ ಸಿಕ್ಕಿತು. ಆಮೇಲೆ ಸೇಬು ಮತ್ತು ಪಿಯರ್ ಮರಗಳ ಫೈರ್ ಬ್ಲೈಟ್ ರೋಗಕ್ಕೆ, ನಿಂಬೆ ಜಾತಿಯ ಕಜ್ಜಿಗೆ ಕೂಡ ಬಂದವು.

ಎರಡನೆಯ ಭಾಗಕ್ಕೆ ಉತ್ತರ, ಇಲ್ಲ. ನಿಮಗೂ ಬರಲ್ಲ, ದನಕ್ಕೂ ಬರಲ್ಲ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರ ಬಂದು ಮಲಗಿದರು, ಉಣುಗು ಕಚ್ಚಿ ಹರಡುವ ವೈರಸ್ ಇದಕ್ಕೆ ಕಾರಣ ಅಂತ ಆಮೇಲೆ ತಿಳಿಯಿತು. ಇವತ್ತಿಗೂ ಬೇಸಿಗೆಯಲ್ಲಿ ದರಗು ಗುಡಿಸಲು ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆಯ ಭಯ ಇದ್ದೇ ಇದೆ. ಕೊರೊನಾ ಬೇರೆ ನೋಡಿದ್ದೇವೆ. ಇಂಥ ಊರಿನಲ್ಲಿ ವೈರಸ್ಸನ್ನು ಪಂಪಿಗೆ ತುಂಬಿ ಹೊಡೆಯಿರಿ ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಆದರೆ ಮಂಗನ ಕಾಯಿಲೆಯ ವೈರಸ್ಸಿಗೂ ಫೇಜ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಯಾವ ವೈರಸ್ಸೇ ಆಗಲಿ, ತಾನಾಗಿಯೇ ಹೆಚ್ಚಲು ಆಗಲ್ಲ. ಒಂದು ಜೀವಕೋಶದ ಒಳಗೆ ಸೇರಲೇಬೇಕು. ಸೇರಬೇಕಾದರೆ ಕೋಶದ ಹೊರಮೈಯಲ್ಲಿ ತನಗೆ ಹೊಂದುವ ಜಾಗ ಸಿಗಬೇಕು. ಫೇಜ್‌ಗೆ ಹೊಂದುವ ಜಾಗ ಇರುವುದು ಬ್ಯಾಕ್ಟೀರಿಯಾದ ಮೈಮೇಲೆ. ಜೇಡದ ಕಾಲಿನಂಥ ಸಣ್ಣ ಎಳೆಗಳಿಂದ ಅಲ್ಲಿ ಕಚ್ಚಿಕೊಳ್ಳುತ್ತದೆ, ತನ್ನ ಡಿಎನ್‌ಎ ಒಳಗೆ ತಳ್ಳುತ್ತದೆ, ಕೆಲವು ಜಾತಿಗಳಲ್ಲಿ ಅರ್ಧ ಗಂಟೆಯೊಳಗೆ ನೂರರಷ್ಟು ಹೊಸ ಫೇಜ್ ತಯಾರಾಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಮನುಷ್ಯನ, ಹಸುವಿನ, ಜೇನುಹುಳದ, ನಿಂಬೆ ಗಿಡದ ಕೋಶದಲ್ಲಿ ಫೇಜ್ ಹೀಗೆ ಮರಿಮಾಡಲು ಆಗುವುದೇ ಇಲ್ಲ. ಅಷ್ಟೇ ಯಾಕೆ, ಕಜ್ಜಿ ರೋಗ ತರುವ ಕ್ಸಾಂಥೋಮೊನಾಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಮೊಸರಿನ ಬ್ಯಾಕ್ಟೀರಿಯಾವನ್ನು ಮುಟ್ಟಲ್ಲ, ಎಷ್ಟೋ ಸಲ ಅದೇ ಕ್ಸಾಂಥೋಮೊನಾಸ್‌ನ ಬೇರೆ ತಳಿಯನ್ನೂ ಮುಟ್ಟಲ್ಲ.

ಇನ್ನೊಂದು, ಫೇಜ್ ನಿಮ್ಮ ತೋಟಕ್ಕೆ ಹೊಸದಲ್ಲ. ಒಂದು ಹಿಡಿ ಮಣ್ಣಿನಲ್ಲಿ, ಗೊಬ್ಬರಗುಂಡಿಯಲ್ಲಿ, ತುಂಗೆಯ ನೀರಿನಲ್ಲಿ, ನಿಮ್ಮ ಹೊಟ್ಟೆಯಲ್ಲಿ ಈಗಲೇ ಕೋಟಿಗಟ್ಟಲೆ ಇವೆ. ಫೇಜ್‌ಗೆ ಹೆಸರಿಟ್ಟ ಫೆಲಿಕ್ಸ್ ಡಿ'ಹೆರೆಲ್ 1920ರ ದಶಕದಲ್ಲಿ ಭಾರತಕ್ಕೇ ಬಂದು ಕಾಲರಾ ರೋಗಿಗಳಿಗೆ ಇದನ್ನು ಕುಡಿಸಿ ನೋಡಿದ್ದ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಡೆಯಲು, ಪ್ಯಾಕೆಟ್ ಒಡೆದು ಹಾಗೇ ತಿನ್ನುವ ಮಾಂಸದ ಮೇಲೆ ಫೇಜ್ ಸಿಂಪಡಿಸಲು ಅಮೆರಿಕ 2006ರಲ್ಲಿ ಅನುಮತಿ ಕೊಟ್ಟಿತು. ತಿನ್ನುವ ಪದಾರ್ಥಕ್ಕೇ ಹಾಕುತ್ತಾರೆ ಅಂದಮೇಲೆ ಎಲೆಗೆ ಹೊಡೆಯಲು ಭಯ ಯಾಕೆ? ಬಯಲುಸೀಮೆಯಲ್ಲಿ ಕಡಲೆ, ತೊಗರಿಯ ಕಾಯಿಕೊರಕ ಹುಳಕ್ಕೆ ಎನ್‌ಪಿವಿ ಹೊಡೆಯುತ್ತಾರಲ್ಲ, ಅದೂ ವೈರಸ್ಸೇ. ಅದು ಹುಳಕ್ಕೆ, ಇದು ಬ್ಯಾಕ್ಟೀರಿಯಾಗೆ.

ಎಚ್ಚರ ಬೇಕಾದ ಒಂದು ವಿಷಯ ಇದೆ, ಅದನ್ನೂ ಹೇಳಲೇಬೇಕು. ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾವನ್ನು ತಕ್ಷಣ ಕೊಲ್ಲದೆ ಅದರ ಡಿಎನ್‌ಎ ಜೊತೆ ಸೇರಿಕೊಂಡು ಸುಮ್ನೆ ಕೂರುತ್ತವೆ. ಕಾಲರಾದ ವಿಷದ ಜೀನ್ ಆ ಬ್ಯಾಕ್ಟೀರಿಯಾಗೆ ಬಂದಿದ್ದು ಇಂಥ ಫೇಜ್‌ನಿಂದಲೇ. ಅದಕ್ಕೇ ಔಷಧಿಗೆ ಒಡೆದು ಕೊಲ್ಲುವ ಜಾತಿಯನ್ನು ಮಾತ್ರ ಆರಿಸುತ್ತಾರೆ, ಜೀನ್‌ಗಳನ್ನು ಪೂರ್ತಿ ಓದಿ ನೋಡುತ್ತಾರೆ. ಹಾಗಾಗಿ ಯಾರೋ ಕೊಟ್ಟ ಬಾಟಲಿ ತಂದು ಹೊಡೆಯಬೇಡಿ. ಯಾವ ಬ್ಯಾಕ್ಟೀರಿಯಾಗೆ, ನೋಂದಣಿ ಸಂಖ್ಯೆ ಎಲ್ಲಿದೆ, ಎರಡೂ ಕೇಳಿ.

ನೀವು ನಿಜವಾಗಿ ಕೇಳಬೇಕಾಗಿದ್ದು, ಇದು ನಮ್ಮ ಮಳೆಗೆ ನಿಲ್ಲುತ್ತಾ ಅಂತ. ಫೇಜ್‌ಗೆ ಬಿಸಿಲೇ ದೊಡ್ಡ ಶತ್ರು, ಎಲೆಯ ಮೇಲೆ ಬಿಸಿಲು ಬಿದ್ದರೆ ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ. ಅದಕ್ಕೇ ಸಂಜೆ ಹೊಡೆಯುತ್ತಾರೆ, ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ಕಾಪಾಡಲೂ ನೋಡಿದ್ದಾರೆ. ಮೈಲುತುತ್ತದ ಜೊತೆ ಆಗಲ್ಲ, ತಾಮ್ರ ಫೇಜನ್ನೂ ಕೆಡಿಸುತ್ತದೆ. ಇನ್ನು ಆಷಾಢದ ಮಳೆಯಲ್ಲಿ ಏನು ಹೊಡೆದರೂ ತೊಳೆದುಹೋಗುತ್ತದೆ, ಕಜ್ಜಿ ಹರಡುವುದೂ ಅದೇ ಗಾಳಿಮಳೆಯಲ್ಲಿ. ಒಂದೇ ಫೇಜ್ ಪದೇ ಪದೇ ಹೊಡೆದರೆ ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಕೊಳ್ಳುತ್ತದೆ, ಹಾಗಾಗಿ ಹಲವು ಬೆರೆಸಿ ಕೊಡುತ್ತಾರೆ. ಇಷ್ಟೆಲ್ಲಾ ತೊಂದರೆ ಇದ್ದರೂ ಇದರ ಮೇಲೆ ನನಗೆ ಭರವಸೆ ಇದೆ. ಯಾಕೆಂದರೆ ಬೆಳೆಯ ಬ್ಯಾಕ್ಟೀರಿಯಾ ರೋಗಕ್ಕೆ ಹೊಡೆಯುತ್ತಾ ಬಂದ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಮನುಷ್ಯರಿಗೂ ಕೊಡುವ ಆ್ಯಂಟಿಬಯೋಟಿಕ್ ಔಷಧಿಗಳು. ಅವನ್ನು ಬೆಳೆಗೆ ಹೊಡೆಯುವುದು ನಿಲ್ಲಬೇಕು ಅಂತ ಕೇಂದ್ರ ಸರಕಾರವೇ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು.

ಹಾಗಾದರೆ ಅಡಿಕೆಗೆ? ಇದನ್ನು ನೀವು ಕೇಳಿಲ್ಲ, ಆದರೆ ಕೇಳೇ ಕೇಳುತ್ತೀರಿ. ಕೊಳೆ ರೋಗ ಬ್ಯಾಕ್ಟೀರಿಯಾದಿಂದ ಬರುವುದಲ್ಲ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ. ಎಲೆಚುಕ್ಕೆ ಶಿಲೀಂಧ್ರದಿಂದ. ಎರಡಕ್ಕೂ ಫೇಜ್ ಕೆಲಸ ಮಾಡಲ್ಲ, ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದನ್ನು ನಿಲ್ಲಿಸಬೇಡಿ. ಹಳದಿ ಎಲೆ ರೋಗಕ್ಕೆ ಕಾರಣ ಅಂತ ಹೇಳುವ ಫೈಟೋಪ್ಲಾಸ್ಮಾ ಬ್ಯಾಕ್ಟೀರಿಯಾದ ಜಾತಿಯೇ, ನಿಜ. ಆದರೆ ಅದು ಮರದೊಳಗೆ ಆಹಾರ ಸಾಗುವ ನಾಳದಲ್ಲಿ ಕೂತಿರುತ್ತದೆ, ಸೋಗೆಗೆ ಹೊಡೆದಿದ್ದು ಅಲ್ಲಿಗೆ ತಲುಪಲ್ಲ.

ಫೇಜ್ ಬ್ಯಾಕ್ಟೀರಿಯಾಗೆ ಮಾತ್ರ, ಹಾಗಾಗಿ ರೋಗ ಯಾವುದರಿಂದ ಅಂತ ಮೊದಲು ತಿಳಿಯಬೇಕು. ಶುಂಠಿ ಹಾಕಿದವರು ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿದು, ಅಲುಗಾಡಿಸದೆ ಕೆಲವು ನಿಮಿಷ ಕಾಯಿರಿ. ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಸಣ್ಣ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಇಳಿಯದಿದ್ದರೆ ಬೇರೆ ಕೊಳೆ ಇರಬಹುದು. ನಿಂಬೆಯಲ್ಲಾದರೆ ಎಲೆಯ ಎರಡೂ ಬದಿ ಬೆರಳಾಡಿಸಿ. ಉಬ್ಬಿದ ಒರಟು ಚುಕ್ಕೆ, ಸುತ್ತ ಹಳದಿ ಉಂಗುರ ಇದ್ದರೆ ಕಜ್ಜಿ. ಅನುಮಾನ ಇದ್ದರೆ ಆ ಎಲೆಗಳನ್ನು ಪ್ಲಾಸ್ಟಿಕ್ ಬಿಟ್ಟು ಪೇಪರಿನಲ್ಲಿ ಸುತ್ತಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅದೇ ದಿನ ಕೊಟ್ಟು ಬನ್ನಿ.