ಆಫೀಸಿನ ಹತ್ತಿರ ಮನೆಯೋ, ಬೆಟ್ಟದ ಹತ್ತಿರ ಮನೆಯೋ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಕಡೆ. ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು. ಆಫೀಸು ವೈಟ್‌ಫೀಲ್ಡ್‌ನಲ್ಲಿ, ವಾರಕ್ಕೆ ಮೂರು ದಿನ ಹೋಗಲೇಬೇಕು. ಈಗಿರುವ ಬಾಡಿಗೆ ಮನೆ ಮಾರತ್ತಹಳ್ಳಿಯಲ್ಲಿದೆ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ನನಗೆ ಸೈಕಲ್ ಹುಚ್ಚು, ನನ್ನ ಹೆಂಡತಿಗೆ ಟ್ರೆಕಿಂಗ್ ಹುಚ್ಚು. ದೇವನಹಳ್ಳಿ ಕಡೆ ಮನೆ ಮಾಡಿದರೆ ನಂದಿ ಬೆಟ್ಟ ಹತ್ತಿರ, ಗಾಳಿ ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಆದರೆ ಆಫೀಸಿನ ಓಡಾಟ ಜಾಸ್ತಿಯಾಗುತ್ತದೆ. ಏನು ಮಾಡೋದು?

ಉತ್ತರ: ದೇವನಹಳ್ಳಿ ಬೇಡ. ಹಾಗಂತ ಮಾರತ್ತಹಳ್ಳಿಯಲ್ಲೇ ಇರಿ ಅಂತಲೂ ಹೇಳುತ್ತಿಲ್ಲ.

ಈ ಪ್ರಶ್ನೆ ಊರಿನ ಹೆಸರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಮಲೆನಾಡಿನವರು, ಕರಾವಳಿಯವರು ಜಾಸ್ತಿ. ಅದರಲ್ಲಿ ಆಶ್ಚರ್ಯವೇನಿಲ್ಲ. ಹಿತ್ತಿಲ ಬಾಗಿಲು ತೆಗೆದರೆ ಗುಡ್ಡ ಕಾಣುತ್ತಿದ್ದವರಿಗೆ ಗೋಡೆ ನೋಡಿಕೊಂಡು ಕಾಫಿ ಕುಡಿಯೋದು ಕಷ್ಟವೇ. ನಾನೂ ಒಮ್ಮೆ ಇದೇ ಆಸೆಗೆ ಬಿದ್ದಿದ್ದೆ. ಆಗ ನನ್ನ ಆಫೀಸು ಹೊರ ವರ್ತುಲ ರಸ್ತೆಯಲ್ಲಿ. ಮನೆ ಮಾಡಿದ್ದು ಕನಕಪುರ ರಸ್ತೆಯಲ್ಲಿ, ತುರಹಳ್ಳಿ ಕಾಡಿನ ಪಕ್ಕ. ದಿನಾ ಬೆಳಿಗ್ಗೆ ಕಾಡಿನಲ್ಲಿ ಸೈಕಲ್ ಹೊಡೆದು ಆಮೇಲೆ ಆಫೀಸು ಅಂತ ಯೋಜನೆ. ಮೊದಲ ಎರಡು ವಾರ ನಡೆಯಿತು ಕೂಡ. ಮೂರನೇ ವಾರದಿಂದ ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಒಂಬತ್ತು ಗಂಟೆ. ಊಟ ಮಾಡಿ ಮಲಗಿದರೆ ಐದೂವರೆಯ ಅಲಾರಂ ಕೇಳಿಸುತ್ತಿರಲಿಲ್ಲ. ಶನಿವಾರ ನಿದ್ದೆ, ಭಾನುವಾರ ಬಟ್ಟೆ ಒಗೆಯೋದು. ಆರು ತಿಂಗಳಾದ ಮೇಲೆ ಒಂದು ದಿನ ಬಾಲ್ಕನಿಗೆ ಹೋಗಿ ನೋಡಿದರೆ ಸೈಕಲ್ಲಿನ ಚೈನಿಗೆ ತುಕ್ಕು, ಸೀಟಿನ ಹಿಂದೆ ಪಾರಿವಾಳ ಕಡ್ಡಿ ತಂದು ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿತ್ತು. ಮರಿ ಹಾರುವವರೆಗೆ ಸೈಕಲ್ ಮುಟ್ಟುವ ಹಾಗೂ ಇರಲಿಲ್ಲ. ಕಾಡಿಗೂ ನನ್ನ ಮನೆಗೂ ಇದ್ದದ್ದು ಹತ್ತೇ ನಿಮಿಷದ ದಾರಿ.

ಕಾಡು ಹತ್ತಿರ ಇದ್ದರೂ ನನ್ನ ಹತ್ತಿರ ಹೊತ್ತು ಉಳಿದಿರಲಿಲ್ಲ. ಈಗ ನಿಮ್ಮ ಲೆಕ್ಕ ಮಾಡೋಣ. ದೇವನಹಳ್ಳಿಯಿಂದ ಬೂದಿಗೆರೆ ಮೇಲೆ ವೈಟ್‌ಫೀಲ್ಡ್‌ಗೆ ಹತ್ತಿರ ಹತ್ತಿರ 40 ಕಿ.ಮೀ. ಆಫೀಸಿನ ಹೊತ್ತಿನಲ್ಲಿ ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಈಗ ಮಾರತ್ತಹಳ್ಳಿಯಿಂದ ನಿಮಗೆ ಹಿಡಿಯೋದು ಅರ್ಧ, ಮುಕ್ಕಾಲು ಗಂಟೆ. ಮುಕ್ಕಾಲು ಅಂತಲೇ ಹಿಡಿದರೂ ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆ ಹೆಚ್ಚು. ತಿಂಗಳಿಗೆ 12 ದಿನ ಆಫೀಸು ಅಂದರೆ 18 ಗಂಟೆ ರಸ್ತೆಯ ಪಾಲು. ನಂದಿಗೆ ತಿಂಗಳಿಗೆ ಎರಡು ಸಲ ಹೋಗುತ್ತೀರಿ ಅಂದುಕೊಳ್ಳಿ, ಅದೂ ಹುರುಪಿದ್ದ ತಿಂಗಳಲ್ಲಿ. ಹತ್ತಿರ ಇರುವುದರಿಂದ ಒಂದೊಂದು ಸಲಕ್ಕೂ ಉಳಿಯೋದು ಒಂದೂವರೆ ಗಂಟೆ. ಎರಡು ಸಲಕ್ಕೆ ಮೂರು ಗಂಟೆ. ಮೂರು ಗಂಟೆ ಉಳಿಸಲು 18 ಗಂಟೆ ಕೊಡೋದು ಯಾವ ವ್ಯಾಪಾರ?

ಬಾಡಿಗೆ ಕಡಿಮೆ ಅಂದಿರಿ. ತಿಂಗಳಿಗೆ 960 ಕಿ.ಮೀ. ಕಾರು ಓಡಿಸಿದರೆ, ಲೀಟರಿಗೆ 15 ಕಿ.ಮೀ. ಕೊಟ್ಟರೂ 64 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೂ ಆರು ಸಾವಿರ ದಾಟುತ್ತದೆ. ಉಳಿದ ಬಾಡಿಗೆಯಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು. ದಾಬಸ್‌ಪೇಟೆಯಿಂದ ದೇವನಹಳ್ಳಿ ಮೇಲೆ ಹೊಸಕೋಟೆಗೆ ಬರುವ ಸ್ಯಾಟಲೈಟ್ ರಿಂಗ್ ರೋಡ್ ಇದೆಯಲ್ಲ ಅನ್ನಬಹುದು. ರಸ್ತೆ ಚೆನ್ನಾಗಿದೆ, ಟೋಲೂ ಇದೆ. ಆದರೆ ಹೊಸಕೋಟೆಯಿಂದ ಈಚೆಗೆ ಬರುವಾಗ ನಿಮ್ಮ ಮುಂದೆ ಲಾರಿಗಳ ಸಾಲು ಇದ್ದೇ ಇರುತ್ತದೆ.

ಸ್ವಿಟ್ಜರ್ಲೆಂಡಿನ ಬ್ರೂನೊ ಫ್ರೈ ಮತ್ತು ಅಲೋಯ್ಸ್ ಸ್ಟುಟ್ಜರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಜರ್ಮನಿಯ ಜನರ ಲೆಕ್ಕ ಇಟ್ಟುಕೊಂಡು ನೋಡಿದ್ದರು. 2008ರಲ್ಲಿ ಪ್ರಬಂಧ ಬಂತು. ದೂರದಿಂದ ಓಡಾಡುವವರಿಗೆ ಒಳ್ಳೆ ಮನೆಯೋ, ಒಳ್ಳೆ ಸಂಬಳವೋ ಸಿಕ್ಕಿ ಆ ಕಷ್ಟ ಸರಿಹೋಗಬೇಕಿತ್ತು. ಹಾಗೆ ಆಗಿರಲಿಲ್ಲ. ಓಡಾಟ ಉದ್ದವಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ತೃಪ್ತಿ ಕಡಿಮೆಯಾಗಿತ್ತು. ಅದಕ್ಕೆ ಕಾರಣ ಏನು ಅಂತ ನನ್ನನ್ನು ಕೇಳಿದರೆ, ಹೊಸ ಮನೆಯ ದೊಡ್ಡ ಬಾಲ್ಕನಿ ಮೂರು ತಿಂಗಳಿಗೆ ಹಳೇದಾಗುತ್ತದೆ, ಟ್ರಾಫಿಕ್ ಮಾತ್ರ ದಿನಾ ಹೊಸದು.

ಎಲ್ಲರೂ ಮರೆಯುವ ಒಂದು ವಿಷಯ ಇದೆ. ಬೆಂಗಳೂರಿನಲ್ಲಿ ದೂರ ಅನ್ನೋದು ಹೊತ್ತಿನ ಮೇಲೆ ನಿಂತಿದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಈ ನಗರದಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಿತ್ತು. ಅದೇ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಡಿ, ಹತ್ತು ಕಿ.ಮೀ. ಹತ್ತು ಹನ್ನೆರಡು ನಿಮಿಷ. ಬೆಟ್ಟಕ್ಕೆ ನೀವು ಹೋಗೋದು ಖಾಲಿ ರಸ್ತೆಯ ಹೊತ್ತಿನಲ್ಲಿ, ಆಫೀಸಿಗೆ ಹೋಗೋದು ತುಂಬಿದ ರಸ್ತೆಯ ಹೊತ್ತಿನಲ್ಲಿ. ಹಾಗಾಗಿ 60 ಕಿ.ಮೀ. ದೂರದ ಬೆಟ್ಟ ನಿಜಕ್ಕೂ ಹತ್ತಿರ, 15 ಕಿ.ಮೀ. ದೂರದ ಆಫೀಸು ನಿಜಕ್ಕೂ ದೂರ. ಮನೆ ಹುಡುಕುವಾಗ ಮ್ಯಾಪಿನ ಕಿಲೋಮೀಟರ್ ನೋಡಬೇಡಿ.

ಬೆಟ್ಟದ ವಿಷಯದಲ್ಲಿ ನೋಡಬೇಕಾದ್ದು ದಿಕ್ಕು. ಮನೆಯಿಂದ ಹೊರಟರೆ ನಗರದ ಒಳಗೆ ನುಗ್ಗದೆ ಹೊರಗೆ ಬೀಳುವ ಹಾಗಿರಬೇಕು. ಹೋಗುವಾಗ ಇದು ಗೊತ್ತಾಗುವುದಿಲ್ಲ. ಗೊತ್ತಾಗೋದು ವಾಪಸ್ ಬರುವಾಗ, ಬೆಳಿಗ್ಗೆ ಹತ್ತೂವರೆಗೆ, ಕಾಲು ಸೋತು ಹೊಟ್ಟೆ ಹಸಿದು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಾಗ. ವೈಟ್‌ಫೀಲ್ಡ್ ಕಡೆಯವರಿಗೆ ಬೂದಿಗೆರೆ ದಾರಿ ಇರುವುದರಿಂದ ಹೆಬ್ಬಾಳದ ಕಾಟ ಇಲ್ಲ. ಅಂದರೆ ನೀವು ಈಗಲೇ ನಂದಿಯ ದಿಕ್ಕಿನಲ್ಲೇ ಇದ್ದೀರಿ. ಅದಕ್ಕೆ ಮನೆ ಬದಲಾಯಿಸಬೇಕಾಗಿಲ್ಲ.

ಹಾಗಾದರೆ ಹಸಿರು ಬೇಡವಾ? ಬೇಕು. ಆದರೆ ದಿನಾ ಬೇಕಾದ ಹಸಿರು ಬೇರೆ, ಬೆಟ್ಟ ಬೇರೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2019ರಲ್ಲಿ ಬಂತು. ವಾರಕ್ಕೆ 120 ನಿಮಿಷವಾದರೂ ಗಿಡಮರ, ನೀರು ಇರುವ ಕಡೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳಿದ್ದು ಹೆಚ್ಚು. ಆ ಎರಡು ಗಂಟೆಯನ್ನು ಒಂದೇ ದಿನ ಕಳೆದರೂ ಸರಿ, ದಿನಕ್ಕಿಷ್ಟು ಅಂತ ಹಂಚಿಕೊಂಡರೂ ಸರಿ. ದಿನಕ್ಕೆ ಇಪ್ಪತ್ತು ನಿಮಿಷ ಒಂದು ಕೆರೆ ಸುತ್ತಿದರೆ ಮುಗಿಯಿತು. ಅದಕ್ಕೆ ಬೇಕಾದ್ದು ಮನೆಯಿಂದ ಚಪ್ಪಲಿ ಹಾಕಿಕೊಂಡು ಹತ್ತು ನಿಮಿಷ ನಡೆದರೆ ಸಿಗುವ ಕೆರೆ ಅಥವಾ ಪಾರ್ಕು. ಗಾಡಿ ತೆಗೆಯಬೇಕು ಅಂತಾದರೆ ಹೋಗುವುದಿಲ್ಲ. ನನ್ನ ಅನುಭವ ಇದು, ಬರೆದಿಟ್ಟುಕೊಳ್ಳಿ.

ನಿಮ್ಮ ಕಡೆ ಕುಂದಲಹಳ್ಳಿ ಕೆರೆ ಇದೆ, ವೈಟ್‌ಫೀಲ್ಡ್‌ನಲ್ಲಿ ಶೀಲವಂತನ ಕೆರೆ ಇದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಮುತ್ತಲಿನ ಜನರೇ ಪಾಲಿಕೆಯ ಬೆನ್ನು ಬಿದ್ದು ಸರಿ ಮಾಡಿಸಿದರು. ಅಲ್ಲಿ ಬೆಳಿಗ್ಗೆ ಆರೂವರೆಗೆ ಹೋದರೆ ಕಟ್ಟೆಯ ಮೇಲೆ ನಡೆಯುವವರಷ್ಟೇ ಜನ ಕ್ಯಾಮೆರಾ ಹಿಡಿದು ನೀರುಕಾಗೆ ನೋಡುವವರೂ ಇರುತ್ತಾರೆ. ಮನೆ ನೋಡಲು ಹೋದಾಗ ಕೆರೆ ಕಾಣುತ್ತೆ ಅಂತ ಬ್ರೋಕರ್ ಹೇಳಿದರೆ ಅಷ್ಟಕ್ಕೇ ಖುಷಿಪಡಬೇಡಿ. ಗೇಟು ಯಾವ ಕಡೆ, ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಸಂಜೆ ಗಾಳಿ ಬೀಸಿದರೆ ವಾಸನೆ ಬರುತ್ತಾ, ಸೊಳ್ಳೆ ಎಷ್ಟು ಅಂತ ಕೆಳಗಿನ ಅಂಗಡಿಯವರನ್ನು ಕೇಳಿ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ಕಮಿಷನ್ ಇಲ್ಲ.

ಇನ್ನು ಮೆಟ್ರೋ. ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೇಲೆ ನಿಮ್ಮಂಥವರ ಲೆಕ್ಕವೇ ಬದಲಾಯಿತು. 43 ಕಿ.ಮೀ.ಗೂ ಹೆಚ್ಚು ಉದ್ದದ ದಾರಿ ಅದು. ಮೆಟ್ರೋ ಕೆಲವು ಸಲ ಬೈಕಿಗಿಂತ ನಿಧಾನ ಇರಬಹುದು. ಆದರೆ ಸೋಮವಾರ 35 ನಿಮಿಷ ಆದರೆ ಗುರುವಾರ ಮಳೆ ಬಂದಾಗಲೂ ಹೆಚ್ಚುಕಡಿಮೆ ಅಷ್ಟೇ. ರಸ್ತೆಯಲ್ಲಿ ಆ ಭರವಸೆ ಇಲ್ಲ. ಒಂದು ದಿನ ಮುಕ್ಕಾಲು ಗಂಟೆ, ಇನ್ನೊಂದು ದಿನ ಎರಡು ಗಂಟೆ ಆದರೆ ಸಂಜೆಯ ವಾಕಿಂಗ್ ಆಗಲಿ, ಆಟ ಆಗಲಿ ಗೊತ್ತುಮಾಡಿಕೊಳ್ಳಲು ಆಗುವುದಿಲ್ಲ. ಸಂಜೆ ಇದ್ದಾಗ ಇದ್ದ ಹಾಗೆ, ಅಷ್ಟೇ.

ಮೆಟ್ರೋದಿಂದ ಇನ್ನೊಂದು ಲಾಭ ನಿಮ್ಮ ಮನೆಯವರಿಗೆ. ಕುದುರೆಮುಖವೋ ಕುಮಾರ ಪರ್ವತವೋ ಅಂದರೆ ಶುಕ್ರವಾರ ರಾತ್ರಿಯ ಬಸ್ಸು, ಅಲ್ವಾ? ಆ ರಾತ್ರಿ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಕ್ಯಾಬಿನಲ್ಲಿ ಹೋಗೋದು ಟ್ರೆಕ್ಕಿಗಿಂತ ದೊಡ್ಡ ಸಾಹಸ. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದರೆ ಬೆನ್ನಿಗೆ ಬ್ಯಾಗ್ ಏರಿಸಿ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ಸೂ ಹಿಡಿಯಬಹುದು, ರೈಲೂ ಹಿಡಿಯಬಹುದು. ಪಶ್ಚಿಮ ಘಟ್ಟಕ್ಕೆ ಹತ್ತಿರದ ಮನೆ ಬೇಕು ಅಂದರೆ ಬೆಂಗಳೂರಿನಲ್ಲಿ ಅದು ಮೆಟ್ರೋ ಪಕ್ಕದ ಮನೆ. ಈಗ ಅರಣ್ಯ ಇಲಾಖೆಯ ಹಲವು ಚಾರಣಗಳಿಗೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಬುಕ್ ಮಾಡಿ ಬಸ್ ತಪ್ಪಿಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬೇರೆ ಕಡೆ ಕೆಲಸ ಮಾಡುವವರೂ ಇದನ್ನು ಓದುತ್ತಿರುತ್ತೀರಿ. ನಿಮ್ಮ ಆಫೀಸು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿದ್ದರೆ ಯಲಹಂಕ, ಜಕ್ಕೂರು ಕಡೆ ಧೈರ್ಯವಾಗಿ ಹೋಗಿ. ಅಲ್ಲಿ ಆಫೀಸು, ಜಕ್ಕೂರು ಕೆರೆ, ನಂದಿ ರಸ್ತೆ ಮೂರೂ ನಗರದ ಒಂದೇ ಮಗ್ಗುಲಲ್ಲಿವೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ತಲಘಟ್ಟಪುರದಲ್ಲೋ ವಾಜರಹಳ್ಳಿಯಲ್ಲೋ ಮನೆ ಮಾಡಿ, ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರೋಡ್‌ನಲ್ಲಿ ರೈಲು ಬದಲಾಯಿಸಿದರೆ ಆಯಿತು. ನಾನು ಕಂಡ ತುರಹಳ್ಳಿಯ ಕನಸು ಈಗ ಅವರಿಗೆ ನಿಜವಾಗಿ ಸಿಗುತ್ತದೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಆದರೆ ಮುಂದೆ ಮೆಟ್ರೋ ಬರುತ್ತೆ ಅನ್ನುವ ಮಾತು ನಂಬಿ ಇವತ್ತು ಅಡ್ವಾನ್ಸ್ ಕೊಡಬೇಡಿ. ಹಳದಿ ಮಾರ್ಗಕ್ಕೆ ಹೇಳಿದ ಗಡುವುಗಳು ಎಷ್ಟು ಸಲ ಮುಂದೆ ಹೋದವು ಅಂತ ಬೊಮ್ಮಸಂದ್ರದವರನ್ನು ಕೇಳಿ ನೋಡಿ.

ಪೂರ್ತಿ ಮನೆಯಿಂದಲೇ ಕೆಲಸ ಇರುವವರು ಬೆಂಗಳೂರಿನಲ್ಲಿ ಯಾಕೆ ಇದ್ದೀರಿ ಅಂತ ನನಗೆ ಅರ್ಥವಾಗಿಲ್ಲ. ಮೈಸೂರಿನಲ್ಲಿ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ತಿಂಡಿ ತಿಂದು, ಒಂಬತ್ತೂವರೆಯ ಮೀಟಿಂಗಿಗೆ ಆರಾಮಾಗಿ ಕೂರಬಹುದು.

ಮತ್ತೆ ನಿಮ್ಮ ವಿಷಯಕ್ಕೆ ಬರೋಣ. ಹೂಡಿಯಿಂದ ಕಾಡುಗೋಡಿಯವರೆಗಿನ ಯಾವುದಾದರೂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಒಳ ರಸ್ತೆಯಲ್ಲಿ, ಒಂದು ಕೆರೆಯೋ ಪಾರ್ಕೋ ಪಕ್ಕದಲ್ಲಿರುವ ಮನೆ ಹುಡುಕಿ. ಎರಡು ರೂಮ್ ಬದಲು ಒಂದೂವರೆ ರೂಮ್ ಆದರೂ ಪರವಾಗಿಲ್ಲ. ಇಷ್ಟವಾದ ಮನೆ ಸಿಕ್ಕರೆ ಭಾನುವಾರ ನೋಡಿ ಒಪ್ಪಿಕೊಳ್ಳಬೇಡಿ, ಭಾನುವಾರ ಎಲ್ಲ ಮನೆಯೂ ಆಫೀಸಿಗೆ ಹತ್ತಿರವೇ. ಒಂದು ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಒಂಬತ್ತಕ್ಕೆ ಆ ಮನೆಯ ಮುಂದಿನಿಂದ ಹೊರಟು ಆಫೀಸು ಸೇರಿ. ಸಂಜೆ ಆರಕ್ಕೆ ಆಫೀಸಿನಿಂದ ಹೊರಟು ಅಲ್ಲಿಗೇ ಬನ್ನಿ. ಮಳೆ ಬಂದ ದಿನ ಆದರೆ ಇನ್ನೂ ಒಳ್ಳೆಯದು. ಬಂದವರು ಹಾಗೇ ಕೆರೆಯ ಗೇಟಿನವರೆಗೆ ನಡೆದು ನೋಡಿ. ಆಗಲೂ ಒಂದು ಸುತ್ತು ಹಾಕೋಣ ಅನ್ನಿಸಿದರೆ ಆ ಮನೆ ಸರಿಯಾಗಿದೆ.

ಇನ್ನೊಂದು ಮಾತು. ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂದರೆ ಸೈಕಲ್ ಮೇಲೆ ಹೊತ್ತುಕೊಂಡು ಹೋಗೋದು ಒಂದು ತಿಂಗಳ ಉತ್ಸಾಹ. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ಬೀಗ ಹಾಕಿ ಇಡಲು ಜಾಗ ಕೊಡುತ್ತೀರಾ ಅಂತ ಓನರನ್ನು ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಕೊಟ್ಟ ಮೇಲೆ ಕೇಳಿದರೆ ಆ ಜಾಗದಲ್ಲಿ ಅವರ ಹಳೇ ವಾಷಿಂಗ್ ಮೆಷಿನ್ ಬಂದು ಕೂತಿರುತ್ತದೆ.